ಮಬೂಯಾ ಒಡೆದ ಮೇಲೆ: ಹಾವುರಾಣಿಗಳ ವರ್ಗೀಕರಣ ಮತ್ತು ನೆಲೆಗಳು

ಕರ್ನಾಟಕದ ತೋಟಗಳಲ್ಲಿ, ಗದ್ದೆಯ ಬದುಗಳಲ್ಲಿ, ಹಳೆಯ ಕಲ್ಲುಗೋಡೆಗಳ ಸಂದಿಯಲ್ಲಿ ಎಲ್ಲರೂ ನೋಡಿರುವ ಕಂದುಬಣ್ಣದ ದೊಡ್ಡ ಹಾವುರಾಣಿಗೆ ಇಪ್ಪತ್ತನೆಯ ಶತಮಾನದ ಪ್ರಾಣಿಶಾಸ್ತ್ರದ ಪುಸ್ತಕಗಳು ಕೊಡುತ್ತಿದ್ದ ಹೆಸರು ಮಬೂಯಾ ಕ್ಯಾರಿನೇಟಾ. ಈಗ ಅದು ಯುಟ್ರೊಪಿಸ್ ಕ್ಯಾರಿನೇಟಾ. ಪ್ರಾಣಿ ಅದೇ, 1801ರಲ್ಲಿ ಅದನ್ನು ಮೊದಲು ವರ್ಣಿಸಿದ ಜರ್ಮನಿಯ ಶ್ನೈಡರ್ ಕೊಟ್ಟ ಪ್ರಭೇದದ ಹೆಸರೂ ಹಾಗೆಯೇ ಉಳಿದಿದೆ, ಬದಲಾದದ್ದು ಕುಲದ ಹೆಸರು ಮಾತ್ರ. ಹೊರಗಿನಿಂದ ನೋಡುವವರಿಗೆ ಇದು ವಿಜ್ಞಾನಿಗಳ ಹೆಸರಿಡುವ ಚಟವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಬದಲಾವಣೆಯ ಹಿಂದೆ ದಕ್ಷಿಣ ಅಮೆರಿಕ, ಆಫ್ರಿಕ ಮತ್ತು ಏಷ್ಯಾ ಮೂರರಲ್ಲೂ ಒಂದೇ ಕುಲದ ಹಲ್ಲಿಗಳು ಇರುವುದು ಹೇಗೆ ಎಂಬ ಹಳೆಯ ಪ್ರಶ್ನೆ ಇತ್ತು. ಕುಲವನ್ನು ಸರಿಯಾಗಿ ಒಡೆದಾಗ ಆ ಪ್ರಶ್ನೆಯ ರೂಪವೇ ಬದಲಾಯಿತು.

ಹಾವುರಾಣಿಗಳು ಸಿನ್ಸಿಡೇ ಎಂಬ ಕುಟುಂಬಕ್ಕೆ ಸೇರಿವೆ. ಇದುವರೆಗೆ ವರ್ಣಿಸಿರುವ ಪ್ರಭೇದಗಳು 1,700ಕ್ಕೂ ಹೆಚ್ಚಿರುವುದರಿಂದ ಇದು ಹಲ್ಲಿಗಳ ಅತಿದೊಡ್ಡ ಕುಟುಂಬಗಳಲ್ಲಿ ಒಂದು. ಅಂಟಾರ್ಕ್ಟಿಕ ಬಿಟ್ಟು ಎಲ್ಲ ಖಂಡಗಳಲ್ಲೂ ಇವು ಇವೆ; ಆಸ್ಟ್ರೇಲಿಯ, ಆಗ್ನೇಯ ಏಷ್ಯಾ ಮತ್ತು ಆಫ್ರಿಕಗಳಲ್ಲಿ ವೈವಿಧ್ಯ ಹೆಚ್ಚು. ಒಂದರ ಮೇಲೊಂದು ಹೊದ್ದುಕೊಂಡ ಹೊಳೆಯುವ ಹುರುಪೆಗಳು, ಕುತ್ತಿಗೆಯೇ ಇಲ್ಲವೆನ್ನುವಂತೆ ಮೈಗೆ ಕೂಡಿಕೊಂಡ ತಲೆ, ಅಪಾಯ ಕಂಡಾಗ ಕಳಚಿ ಬೀಳುವ ಬಾಲ ಇವುಗಳ ಸಾಮಾನ್ಯ ಗುರುತು. ಹೊರಗೆ ಕಾಣದ ಇನ್ನೊಂದು ಗುರುತೂ ಇದೆ: ಪ್ರತಿಯೊಂದು ಹುರುಪೆಯ ಅಡಿಯಲ್ಲಿ ಚರ್ಮದೊಳಗೆ ತೆಳುವಾದ ಎಲುಬಿನ ತಗಡು ಇರುತ್ತದೆ, ಮತ್ತು ಆ ತಗಡು ಒಂದೇ ತುಂಡಾಗಿರದೆ ಹಲವು ಚಿಕ್ಕ ತುಂಡುಗಳು ಜೋಡಿಕೊಂಡು ಆದದ್ದು. ಹಾವುರಾಣಿಯ ಮೈ ಗಟ್ಟಿಯಾಗಿದ್ದೂ ಹಾವಿನಂತೆ ಬಳುಕುವುದಕ್ಕೆ ಈ ರಚನೆಯೂ ಒಂದು ಕಾರಣ. ಇವು ವಿಷದ ಪ್ರಾಣಿಗಳಲ್ಲ. ಹಾವುರಾಣಿ ಕಚ್ಚಿದರೆ ಬದುಕುವುದಿಲ್ಲ ಎಂಬ ಮಾತು ನಮ್ಮ ಕಡೆ ಎಷ್ಟೇ ಬಳಕೆಯಲ್ಲಿದ್ದರೂ ಅದಕ್ಕೆ ಆಧಾರವಿಲ್ಲ.

ಇಂತಹ ದೊಡ್ಡ ಕುಟುಂಬವನ್ನು ಒಳಗೆ ಹೇಗೆ ವಿಂಗಡಿಸುವುದು ಎಂಬುದು ಮೊದಲಿನಿಂದಲೂ ತೊಡಕಿನ ವಿಷಯ. 1970ರಲ್ಲಿ ಅಲೆನ್ ಗ್ರೀರ್ ಅವರು ತಲೆಬುರುಡೆಯ ಎಲುಬುಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಹಾವುರಾಣಿಗಳನ್ನು ನಾಲ್ಕು ಉಪಕುಟುಂಬಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಬಹುದೊಡ್ಡದು ಲೈಗೊಸೊಮಿನೇ. ಹಣೆಯ ಎಲುಬು ಎರಡಾಗಿರದೆ ಒಂದೇ ಆಗಿ ಕೂಡಿಕೊಂಡಿರುವುದು ಅದರ ಲಕ್ಷಣಗಳಲ್ಲಿ ಒಂದು. ಭಾರತದ ಬಹುಪಾಲು ಹಾವುರಾಣಿಗಳು ಈ ಗುಂಪಿಗೇ ಸೇರುತ್ತವೆ. ಮುಂದೆ ಅಮೆರಿಕದ ಬ್ಲೇರ್ ಹೆಜಸ್ ಮತ್ತಿತರರು ಸಿನ್ಸಿಡೇಯನ್ನೇ ಹಲವು ಪ್ರತ್ಯೇಕ ಕುಟುಂಬಗಳಾಗಿ ಒಡೆಯಬೇಕೆಂದು ವಾದಿಸಿದರು; ಬಹಳ ಮಂದಿ ಅದೇ ಗುಂಪುಗಳನ್ನು ಒಪ್ಪಿಕೊಂಡರೂ ಅವುಗಳಿಗೆ ಕುಟುಂಬದ ಬದಲು ಉಪಕುಟುಂಬದ ಸ್ಥಾನವನ್ನಷ್ಟೇ ಕೊಟ್ಟರು. ಈ ಜಗಳ ಬಹುಮಟ್ಟಿಗೆ ದರ್ಜೆಯ ಜಗಳ. ಒಂದು ಕವಲಿಗೆ ಯಾವ ದರ್ಜೆ ಕೊಡುತ್ತೇವೆ ಎನ್ನುವುದಕ್ಕಿಂತ ಆ ಕವಲು ನಿಜವಾಗಿ ಒಂದೇ ಪೂರ್ವಜನಿಂದ ಬಂದದ್ದೇ ಎನ್ನುವುದು ಮುಖ್ಯ, ಮತ್ತು ಮಬೂಯಾ ಎಡವಿದ್ದು ಈ ಎರಡನೆಯ ಪ್ರಶ್ನೆಯಲ್ಲಿ.

ಮಬೂಯಾ ಕುಲವನ್ನು 1826ರಲ್ಲಿ ಆಸ್ಟ್ರಿಯದ ಫಿಟ್ಸಿಂಗರ್ ಸ್ಥಾಪಿಸಿದರು. ಅದು ಕೆರಿಬಿಯನ್ ದ್ವೀಪಗಳ ಹಲ್ಲಿಯೊಂದರ ಮೇಲೆ ನಿಂತ ಹೆಸರು. ಆಮೇಲಿನ ನೂರೈವತ್ತು ವರ್ಷಗಳಲ್ಲಿ ನಾಲ್ಕು ಗಟ್ಟಿ ಕಾಲು, ಕಾಲಿಗೆ ಐದೈದು ಬೆರಳು, ಮಧ್ಯಮ ಗಾತ್ರದ ಮೈ, ಬೆನ್ನಿನ ಮೇಲೆ ಏಣುಳ್ಳ ಅಥವಾ ನುಣುಪಾದ ಹುರುಪೆಗಳಿರುವ ಉಷ್ಣವಲಯದ ಹಾವುರಾಣಿಗಳೆಲ್ಲ ಒಂದೊಂದಾಗಿ ಅದೇ ಕುಲಕ್ಕೆ ಸೇರುತ್ತ ಹೋದವು. ಭಾರತದ ಉರಗಗಳ ಬಗ್ಗೆ ದೀರ್ಘಕಾಲ ಆಧಾರಗ್ರಂಥವಾಗಿದ್ದ ಮಾಲ್ಕಮ್ ಸ್ಮಿತ್ ಅವರ 1935ರ ಸಂಪುಟದಲ್ಲಿಯೂ ನಮ್ಮ ಹಾವುರಾಣಿಗಳು ಮಬೂಯಾಗಳೇ. ಶತಮಾನದ ಕೊನೆಯ ಹೊತ್ತಿಗೆ ಆ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿದ್ದವು, ಮತ್ತು ಅವು ಭೂಮಿಯ ಉಷ್ಣವಲಯವನ್ನು ಬಹುತೇಕ ಪೂರ್ತಿ ಸುತ್ತುವರಿದಿದ್ದವು.

ಈ ಗುಂಪಿನ ದೋಷ ಎಲ್ಲಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮಬೂಯಾದ ಲಕ್ಷಣಗಳೆಂದು ಪಟ್ಟಿ ಮಾಡಿದ್ದೆಲ್ಲ ಹೆಚ್ಚಾಗಿ ಹಳೆಯ ಲಕ್ಷಣಗಳು. ಅಂದರೆ ಬಹು ಹಿಂದಿನ ಪೂರ್ವಜನಲ್ಲಿದ್ದು ಹಲವು ಕವಲುಗಳಲ್ಲಿ ಬದಲಾಗದೆ ಉಳಿದುಕೊಂಡವು. ಒಂದು ಹಲ್ಲಿಗೆ ನಾಲ್ಕು ಕಾಲು, ಇಪ್ಪತ್ತು ಬೆರಳು ಇರುವುದರಿಂದ ಅದು ಕಾಲು ಕಳೆದುಕೊಂಡ ಕವಲಿಗೆ ಸೇರಿಲ್ಲ ಎಂದು ಹೇಳಬಹುದು, ಅಷ್ಟೇ. ಅಂತಹ ಇನ್ನೊಂದು ಹಲ್ಲಿಗೆ ಅದು ಹತ್ತಿರದ ನೆಂಟ ಎಂದು ಹೇಳಲಾಗದು. ನೆಂಟಸ್ತಿಕೆಗೆ ಸಾಕ್ಷಿಯಾಗುವುದು ಒಂದು ಕವಲಿನಲ್ಲಿ ಹೊಸದಾಗಿ ಹುಟ್ಟಿ ಅದರ ಸಂತತಿಯಲ್ಲಿ ಮಾತ್ರ ಹಂಚಿಕೆಯಾದ ಲಕ್ಷಣ. ಮಬೂಯಾಗಳಲ್ಲಿ ಅಂತಹ ಲಕ್ಷಣ ಸಿಗುತ್ತಿರಲಿಲ್ಲ. ಬೇರೆ ಯಾವ ಕುಲಕ್ಕೂ ಸೇರದ ಪ್ರಭೇದಗಳು ಬಂದು ಸೇರುವ ಜಾಗವಾಗಿತ್ತು ಅದು.

ಪ್ರಭೇದಗಳನ್ನು ಬೇರ್ಪಡಿಸುವುದಕ್ಕೆ ಹುರುಪೆಗಳು ಬೇಕಾದಷ್ಟು ನೆರವಾಗುತ್ತವೆ, ಅದು ಬೇರೆ ಮಾತು. ಯುಟ್ರೊಪಿಸ್ ಕ್ಯಾರಿನೇಟಾದ ಬೆನ್ನಿನ ಒಂದು ಹುರುಪೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ತಲೆಯಿಂದ ಬಾಲದ ಕಡೆಗೆ, ನೇಗಿಲ ಸಾಲುಗಳ ಏರಿಯಂತೆ, ಸಾಮಾನ್ಯವಾಗಿ ಮೂರು ಏಣುಗಳು ಎದ್ದಿರುತ್ತವೆ, ಕೆಲವೊಮ್ಮೆ ಐದು. ಅದೇ ತೋಟದ ತರಗೆಲೆಯಲ್ಲಿ ಸಿಗುವ ಚಿಕ್ಕ, ಕಂಚಿನ ಬಣ್ಣದ ಯುಟ್ರೊಪಿಸ್ ಮ್ಯಾಕ್ಯುಲೇರಿಯಾದ ಹುರುಪೆಯಲ್ಲಿ ಏಣುಗಳು ಐದರಿಂದ ಒಂಬತ್ತರವರೆಗೆ ಇರುತ್ತವೆ. ಮೊದಲನೆಯದು ಮೂತಿಯಿಂದ ಗುದದ್ವಾರದವರೆಗೆ ಸುಮಾರು 12 ಸೆಂ.ಮೀ. ಬೆಳೆದರೆ ಎರಡನೆಯದು ಏಳೆಂಟು ಸೆಂ.ಮೀ. ದಾಟುವುದಿಲ್ಲ, ಆದ್ದರಿಂದ ಎರಡನೆಯದನ್ನು ಮೊದಲನೆಯದರ ಮರಿಯೆಂದು ತಿಳಿಯುವುದು ಸುಲಭ, ಮತ್ತು ಏಣುಗಳನ್ನು ಎಣಿಸಿದಾಗ ಆ ಸಂಶಯ ಬಗೆಹರಿಯುತ್ತದೆ. ಆದರೆ ಎರಡು ಪ್ರಭೇದಗಳು ಬೇರೆ ಎಂದು ತಿಳಿಸುವ ಗುರುತು ಅವೆರಡರ ಮೂಲ ಎಲ್ಲಿಯದು ಎಂಬುದನ್ನು ತಿಳಿಸುವುದಿಲ್ಲ.

ಅದನ್ನು ತಿಳಿಸಿದ್ದು ಡಿಎನ್‌ಎ. 2002ರಲ್ಲಿ ಮೌಸ್‌ಫೆಲ್ಡ್, ಶ್ಮಿಟ್ಸ್, ಬೋಮೆ ಮತ್ತು ಅವರ ಸಂಗಡಿಗರು ಬೇರೆ ಬೇರೆ ಖಂಡಗಳ ಮಬೂಯಾಗಳ ಡಿಎನ್‌ಎ ಹೋಲಿಸಿ, ಈ ಕುಲವನ್ನು ಒಡೆಯದೆ ಗತಿಯಿಲ್ಲ ಎಂದು ತೋರಿಸಿದರು. ಒಡೆದಾಗ ಆದ ತುಂಡುಗಳು ಭೂಪಟದ ಮೇಲೆ ಅಚ್ಚುಕಟ್ಟಾಗಿ ಕುಳಿತವು: ಅಮೆರಿಕದವು ಒಂದು ಕವಲು, ಆಫ್ರಿಕ ಮತ್ತು ಮಡಗಾಸ್ಕರ್‌ಗಳವು ಒಂದು, ಅಟ್ಲಾಂಟಿಕ್‌ನ ಕೇಪ್ ವರ್ಡ್ ದ್ವೀಪಗಳವು ಒಂದು, ಏಷ್ಯಾದವು ಇನ್ನೊಂದು. ಕುಲ ಒಡೆದಾಗ ಹಳೆಯ ಹೆಸರು ಯಾರಿಗೆ ಸೇರಬೇಕು ಎಂಬುದಕ್ಕೆ ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಸ್ಪಷ್ಟ ಉತ್ತರವಿದೆ. ಕುಲವನ್ನು ಯಾವ ಪ್ರಭೇದದ ಆಧಾರದ ಮೇಲೆ ಸ್ಥಾಪಿಸಲಾಗಿತ್ತೋ ಆ ಮಾದರಿ ಪ್ರಭೇದ ಇರುವ ಕವಲಿಗೇ ಹೆಸರು. ಎಷ್ಟು ಪ್ರಭೇದಗಳಿವೆ, ಎಷ್ಟು ಜನ ಆ ಹೆಸರನ್ನು ಬಳಸುತ್ತಿದ್ದಾರೆ ಎನ್ನುವುದು ಲೆಕ್ಕಕ್ಕಿಲ್ಲ. ಮಾದರಿ ಪ್ರಭೇದ ಕೆರಿಬಿಯನ್‌ನದಾದ್ದರಿಂದ ಮಬೂಯಾ ಅಮೆರಿಕದಲ್ಲಿ ಉಳಿಯಿತು. ಉಳಿದ ಕವಲುಗಳಿಗೆ ಹಳೆಯ ಕಡತಗಳಲ್ಲಿ ನಿದ್ರಿಸುತ್ತಿದ್ದ ಹೆಸರುಗಳನ್ನು ಎಬ್ಬಿಸಬೇಕಾಯಿತು: ಏಷ್ಯಾದವಕ್ಕೆ ಫಿಟ್ಸಿಂಗರ್ 1843ರಲ್ಲಿ ಕೊಟ್ಟಿದ್ದ ಯುಟ್ರೊಪಿಸ್, ಕೇಪ್ ವರ್ಡ್‌ನವಕ್ಕೆ ಗ್ರೇ ಕೊಟ್ಟಿದ್ದ ಕಿಯೊನಿನಿಯಾ. ಆಫ್ರಿಕದವಕ್ಕೆ ಮೊದಲು ಯುಪ್ರೆಪಿಸ್ ಎಂಬ ಹೆಸರನ್ನು ಸೂಚಿಸಲಾಗಿತ್ತು. ಅದು ನಿಯಮದ ಪ್ರಕಾರ ಸಲ್ಲುವುದಿಲ್ಲವೆಂದು ಮರುವರ್ಷವೇ ಆರನ್ ಬೌಅರ್ ತೋರಿಸಿದ್ದರಿಂದ ಟ್ರಾಕಿಲೆಪಿಸ್ ಎಂಬ ಹೆಸರು ನಿಂತಿತು. 2002 ಮತ್ತು 2003ರ ನಡುವಣ ಪ್ರಬಂಧಗಳಲ್ಲಿ ಮಾತ್ರ ಆಫ್ರಿಕದ ಹಾವುರಾಣಿಗಳು ಯುಪ್ರೆಪಿಸ್ ಆಗಿ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಒಂದೇ ಬಗೆಯ ಪ್ರಾಣಿಗಳು ಆಫ್ರಿಕ, ದಕ್ಷಿಣ ಅಮೆರಿಕ, ಭಾರತಗಳಲ್ಲಿ ಕಂಡಾಗ ಮೊದಲು ನೆನಪಾಗುವುದು ಗೊಂಡ್ವಾನ. ಈ ಭೂಭಾಗಗಳೆಲ್ಲ ಒಂದಾಗಿದ್ದಾಗ ಪೂರ್ವಜರು ಎಲ್ಲೆಡೆ ಹರಡಿದ್ದು, ಭೂಮಿ ಒಡೆದಾಗ ಸಂತತಿಗಳೂ ಬೇರೆಯಾದವು ಎಂಬ ವಿವರಣೆ ಸರಳವಾಗಿದೆ, ಕೆಲವು ಪ್ರಾಣಿಗಳ ಮಟ್ಟಿಗೆ ನಿಜವೂ ಆಗಿದೆ. ಆದರೆ ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಬೇರೆಯಾಗಿ ಸುಮಾರು 10 ಕೋಟಿ ವರ್ಷಗಳಾಗಿವೆ. ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟು ಒಂಬತ್ತು ಕೋಟಿ ವರ್ಷಗಳ ಹತ್ತಿರ. ಮಬೂಯಾ ಬಳಗದ ಕವಲುಗಳ ನಡುವಿನ ಡಿಎನ್‌ಎ ವ್ಯತ್ಯಾಸ ಅಷ್ಟು ಹಳೆಯದಲ್ಲ. ಖಂಡಗಳು ದೂರವಾದ ಎಷ್ಟೋ ಕೋಟಿ ವರ್ಷಗಳ ನಂತರ ಕವಲೊಡೆದ ಪ್ರಾಣಿಗಳು ಎರಡೂ ದಡಗಳಲ್ಲಿ ಇವೆಯೆಂದರೆ ನಡುವಿನ ನೀರನ್ನು ದಾಟಿಯೇ ಹೋಗಿರಬೇಕು. 2016ರಲ್ಲಿ ಬೆಂಜಮಿನ್ ಕ್ಯಾರಿನ್ ಮತ್ತು ಸಂಗಡಿಗರು ಇನ್ನೂ ಹೆಚ್ಚು ಜೀನ್‌ಗಳನ್ನು ಬಳಸಿ ನಡೆಸಿದ ವಿಶ್ಲೇಷಣೆ ಈ ಬಳಗದ ತೌರು ಏಷ್ಯಾ ಎಂದು ಸೂಚಿಸಿತು. ಅಲ್ಲಿಂದ ಪಶ್ಚಿಮಕ್ಕೆ ಹರಡಿದ ಕವಲು ಆಫ್ರಿಕದಲ್ಲಿ ದೊಡ್ಡದಾಗಿ ಬೆಳೆಯಿತು, ಆ ಕಡೆಯಿಂದ ಅಟ್ಲಾಂಟಿಕ್ ಸಾಗರವನ್ನೂ ದಾಟಿತು. ಟರ್ಕಿಯಿಂದ ಇರಾನಿನವರೆಗಿನ ಕೆಲವು ಪ್ರಭೇದಗಳು ಆಫ್ರಿಕದವಕ್ಕಿಂತ ಬೇರೆಯೇ ಎಂದು ಗೊತ್ತಾಗಿ ಅವಕ್ಕೆ ಹೆರೆಮೈಟಿಸ್ ಎಂಬ ಹಳೆಯ ಹೆಸರು ಮರಳಿ ಬಂದದ್ದೂ ಇದೇ ಅಧ್ಯಯನದಿಂದ.

ಹಲ್ಲಿ ಸಾಗರ ದಾಟುವುದು ನಂಬಲು ಕಷ್ಟವೆನಿಸಿದರೂ ಅದರ ಕ್ರಮ ಸರಳ. ಮಳೆಗಾಲದ ದೊಡ್ಡ ನದಿಗಳು ಬೇರುಸಹಿತ ಕಿತ್ತ ಮರಗಳನ್ನೂ ಮಣ್ಣು ಹಿಡಿದ ಪೊದೆಗಳನ್ನೂ ಕಡಲಿಗೆ ಒಯ್ಯುತ್ತವೆ. ಅವುಗಳ ಸಂದಿಯಲ್ಲಿರುವ ಹಲ್ಲಿ ಹೆಚ್ಚು ಆಹಾರವಿಲ್ಲದೆಯೂ ವಾರಗಟ್ಟಲೆ ಬದುಕಬಲ್ಲುದು, ಅದರ ಹುರುಪೆಯ ಚರ್ಮ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ ಆಫ್ರಿಕದಿಂದ ಬ್ರೆಜಿಲ್ ಕಡೆಗೆ ಹರಿಯುವ ಸಾಗರಪ್ರವಾಹವೂ ಇದೆ. ಲಕ್ಷಾಂತರ ವರ್ಷಗಳಲ್ಲಿ ಒಮ್ಮೆ ಇಂತಹ ದಿಮ್ಮಿಯೊಂದು ದಡ ಮುಟ್ಟಿದರೂ ಸಾಕು.

ಇದು ಒಂದೇ ಸಲ ನಡೆದದ್ದಲ್ಲ ಎಂಬುದಕ್ಕೆ ಸಾಕ್ಷಿ ಬ್ರೆಜಿಲ್ ಕರಾವಳಿಯಿಂದ ಸುಮಾರು 350 ಕಿ.ಮೀ. ದೂರದ ಫರ್ನಾಂಡೊ ಡಿ ನೊರೊನ್ಯ ಎಂಬ ಪುಟ್ಟ ದ್ವೀಪಸಮೂಹದಲ್ಲಿದೆ. ಅಲ್ಲಿ ಮಾತ್ರ ಇರುವ ಹಾವುರಾಣಿ ಎದುರಿನ ಬ್ರೆಜಿಲ್‌ನ ಮಬೂಯಾಗಳಿಗಿಂತ ಆಫ್ರಿಕದ ಟ್ರಾಕಿಲೆಪಿಸ್‌ಗಳಿಗೆ ಹತ್ತಿರ. ಈಗ ಅದರ ಹೆಸರೂ ಟ್ರಾಕಿಲೆಪಿಸ್ ಅಟ್ಲಾಂಟಿಕಾ. ಮಬೂಯಾ ಕುಲದ ವಿಭಜನೆಗೆ ತಕ್ಷಣದ ಕಾರಣವಾದದ್ದು ಈ ಹಲ್ಲಿಯೇ. 2002ರ ಪ್ರಬಂಧ ಹೊರಟದ್ದು ಇದರ ನೆಂಟರು ಯಾರೆಂದು ತಿಳಿಯಲು. 1503ರ ಪ್ರಯಾಣದ ಬಗ್ಗೆ ಅಮೆರಿಗೊ ವೆಸ್ಪುಚಿಯ ಹೆಸರಿನಲ್ಲಿರುವ ಪತ್ರದಲ್ಲಿ ಇಂತಹ ದ್ವೀಪವೊಂದರ ‘ಎರಡು ಬಾಲದ ಹಲ್ಲಿ’ಗಳ ಪ್ರಸ್ತಾಪವಿದೆ. ಬಾಲ ಪೂರ್ತಿ ಕಳಚದೆ ಅರ್ಧ ಮುರಿದಲ್ಲಿ ಪಕ್ಕದಿಂದ ಇನ್ನೊಂದು ಬಾಲ ಹುಟ್ಟುವುದು ಹಾವುರಾಣಿಗಳಲ್ಲಿ ಅಪರೂಪವೇನಲ್ಲವಾದ್ದರಿಂದ ನಾವಿಕರು ಕಂಡದ್ದು ಇದನ್ನೇ ಇರಬೇಕು. ಈ ಹಲ್ಲಿ ನಮ್ಮ ಹಾಲುವಾಣದ ಕುಲಕ್ಕೇ ಸೇರಿದ ಮುಲುಂಗು ಎಂಬ ಮರವನ್ನೇರಿ ಹೂವಿನ ಮಕರಂದ ಕುಡಿಯುತ್ತದೆ, ಹಾಗೆ ಕುಡಿಯುವಾಗ ಮೈಗೆ ಮೆತ್ತಿಕೊಂಡ ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಸ್ಪರ್ಧಿಗಳು ಕಡಿಮೆ ಇರುವ ದ್ವೀಪಗಳಲ್ಲಿ ಹಲ್ಲಿಗಳು ಇಂತಹ ಕೆಲಸಕ್ಕೆ ಇಳಿಯುವುದುಂಟು.

ಅಮೆರಿಕ ಖಂಡದ ಮಬೂಯಾಗಳು ಬೇರೊಂದು ದಾಟುವಿಕೆಯಿಂದ ಬಂದವು, ಮತ್ತು ಅಲ್ಲಿ ಅವು ಹಲ್ಲಿಗಳಲ್ಲಿ ಬಹಳ ವಿರಳವಾದ ಹಾದಿ ಹಿಡಿದವು. ಅವು ಮರಿ ಹಾಕುತ್ತವೆ. ಅಷ್ಟು ಮಾತ್ರವಾದರೆ ವಿಶೇಷವಿಲ್ಲ, ಮರಿ ಹಾಕುವ ಹಾವುರಾಣಿಗಳು ಬೇರೆಯೂ ಇವೆ. ಆದರೆ ಇವುಗಳ ಮೊಟ್ಟೆಯಲ್ಲಿ ಬಂಡಾರವೇ ಇಲ್ಲವೆನ್ನಬೇಕು: ಅಂಡದ ಅಡ್ಡಳತೆ ಸುಮಾರು ಒಂದು ಮಿ.ಮೀ., ಭ್ರೂಣಕ್ಕೆ ಬೇಕಾದ ಪೋಷಣೆಯ ಬಹುತೇಕ ಎಲ್ಲವೂ ತಾಯಿಯಿಂದ ಮಾಸಿನ ಮೂಲಕವೇ ಹೋಗಬೇಕು. ಸಸ್ತನಿಗಳಿಗೆ ಇಷ್ಟು ಹತ್ತಿರ ಬಂದ ಉರಗ ಇನ್ನೊಂದಿಲ್ಲವೆಂದು ಬಹುಕಾಲ ತಿಳಿಯಲಾಗಿತ್ತು. ಆಮೇಲೆ ಆಫ್ರಿಕದ ಲುಬೂಯಾ ಇವೆನ್ಸಿ ಮತ್ತು ಕಾಲುಗಳು ಬಹಳ ಕಿರಿದಾಗಿ ಹಾವಿನಂತೆ ಉದ್ದವಾದ ಯುಮೇಸಿಯಾಗಳಲ್ಲಿಯೂ ಇದೇ ವ್ಯವಸ್ಥೆ ಕಂಡುಬಂತು. ವಂಶವೃಕ್ಷದಲ್ಲಿ ಈ ಎರಡು ಆಫ್ರಿಕನ್ ಕುಲಗಳು ಪರಸ್ಪರ ಹತ್ತಿರ, ಅಮೆರಿಕದ ಮಬೂಯಾಗಳಿಂದ ದೂರ. ಒಂದೇ ಬಳಗದಲ್ಲಿ ಅದು ಎರಡು ಸಲ ಬೇರೆ ಬೇರೆಯಾಗಿ ಹುಟ್ಟಿದೆ ಎಂದಾಯಿತು. ಮರಿಹಾಕುವ ರೀತಿಯನ್ನೇ ವರ್ಗೀಕರಣದ ಆಧಾರ ಮಾಡಿಕೊಂಡಿದ್ದರೆ ಇನ್ನೊಂದು ತಪ್ಪು ಕುಲ ಸಿದ್ಧವಾಗುತ್ತಿತ್ತು.

ಕೆರಿಬಿಯನ್ ದ್ವೀಪಗಳಲ್ಲಿ ವಿಂಗಡಣೆ ಇನ್ನೂ ನೆಲೆಗೊಂಡಿಲ್ಲ. 2012ರಲ್ಲಿ ಹೆಜಸ್ ಮತ್ತು ಕಾನ್ ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳನ್ನು ಪರಿಶೀಲಿಸಿ 24 ಹೊಸ ಪ್ರಭೇದಗಳನ್ನು ಒಂದೇ ಪ್ರಬಂಧದಲ್ಲಿ ವರ್ಣಿಸಿದರು, ಅಮೆರಿಕದ ಮಬೂಯಾವನ್ನೇ ಹಲವು ಕುಲಗಳಾಗಿ ಒಡೆದರು. ಅಷ್ಟು ಕುಲಗಳು ಬೇಕೇ ಎಂಬುದನ್ನು ಬಹಳ ಮಂದಿ ಒಪ್ಪಿಲ್ಲ, ನನಗೂ ಅದು ಅತಿಯಾಯಿತೆಂದೇ ಅನಿಸುತ್ತದೆ. ಆದರೆ ಹೊಸ ಪ್ರಭೇದಗಳಲ್ಲಿ ಹಲವು ವರ್ಣನೆಯ ಹೊತ್ತಿಗಾಗಲೇ ಅಳಿದುಹೋಗಿದ್ದವು ಅಥವಾ ಅಳಿವಿನಂಚಿನಲ್ಲಿದ್ದವು ಎಂಬುದರಲ್ಲಿ ಚರ್ಚೆಗೆ ಎಡೆ ಕಡಿಮೆ. ಅದಕ್ಕೆ ಅವರು ಮುಖ್ಯವಾಗಿ ದೂರಿದ್ದು ಭಾರತದ ಮುಂಗುಸಿಯನ್ನು. ಕಬ್ಬಿನ ತೋಟದ ಇಲಿಗಳನ್ನು ಹತೋಟಿಗೆ ತರಲು 1872ರಲ್ಲಿ ಕೋಲ್ಕತ್ತದಿಂದ ಜಮೈಕಕ್ಕೆ ಒಯ್ದ ಒಂಬತ್ತು ಮುಂಗುಸಿಗಳ ಸಂತತಿ ಅಲ್ಲಿಂದ ಇತರ ದ್ವೀಪಗಳಿಗೂ ಹರಡಿತು. ನೆಲದ ಮೇಲೆ ಹಗಲು ಓಡಾಡುವ, ಮುಂಗುಸಿಯನ್ನು ಎಂದೂ ಕಂಡಿರದ ಹಾವುರಾಣಿಗಳು ಅದಕ್ಕೆ ಸುಲಭದ ಬೇಟೆಯಾದವು.

ಉಳಿದ ಕವಲುಗಳ ನೆಲೆಯನ್ನು ಬೇಗ ಹೇಳಿ ಮುಗಿಸಬಹುದು. ಟ್ರಾಕಿಲೆಪಿಸ್ ಎಂಬತ್ತಕ್ಕೂ ಹೆಚ್ಚು ಪ್ರಭೇದಗಳೊಡನೆ ಸಹಾರದ ದಕ್ಷಿಣದ ಆಫ್ರಿಕವನ್ನೆಲ್ಲ ತುಂಬಿಕೊಂಡು ಮಡಗಾಸ್ಕರ್, ಸೇಶೆಲ್ಸ್‌ಗಳಿಗೂ ತಲುಪಿದೆ. ಕಿಯೊನಿನಿಯಾ ಕೇಪ್ ವರ್ಡ್ ಬಿಟ್ಟು ಬೇರೆಲ್ಲೂ ಇಲ್ಲ. ಅದರಲ್ಲಿ ಅತಿ ದೊಡ್ಡದಾಗಿದ್ದ ಕಿಯೊನಿನಿಯಾ ಕಾಕ್ಟಿಯೈ ಈಗ ಅಳಿದುಹೋಗಿದೆ.

ಏಷ್ಯಾದ ಯುಟ್ರೊಪಿಸ್‌ನ ನಲವತ್ತಕ್ಕೂ ಹೆಚ್ಚು ಪ್ರಭೇದಗಳು ಭಾರತ ಉಪಖಂಡದಿಂದ ಇಂಡೊನೇಷ್ಯ, ಫಿಲಿಪ್ಪೀನ್ಸ್‌ವರೆಗೆ ಹರಡಿವೆ. ಫಿಲಿಪ್ಪೀನ್ಸ್‌ನಲ್ಲಿ ಆಂಟನಿ ಬಾರ್ಲಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ನೋಟಕ್ಕೆ ಒಂದೇ ಆಗಿದ್ದೂ ಡಿಎನ್‌ಎಯಲ್ಲಿ ಸ್ಪಷ್ಟವಾಗಿ ಬೇರೆಯಾದ ಕವಲುಗಳಿವೆ. ರೂಪ ಬದಲಾಗದೆ ಪ್ರಭೇದಗಳು ಬೇರೆಯಾಗುವುದಕ್ಕೆ ಇದು ಒಳ್ಳೆಯ ಉದಾಹರಣೆ. ಭಾರತದ ವಿಷಯದಲ್ಲಿ ನಿರ್ಣಾಯಕವಾದ ಕೆಲಸ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅನಿರುದ್ಧ ದತ್ತ ರಾಯ್, ಪ್ರವೀಣ್ ಕಾರಂತ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ವಂಶವೃಕ್ಷದ ಪ್ರಕಾರ ಭಾರತದ ಯುಟ್ರೊಪಿಸ್‌ಗಳ ಪೂರ್ವಜರು ಇಲ್ಲಿಯವರಲ್ಲ. ಅವು ಆಗ್ನೇಯ ಏಷ್ಯಾದಿಂದ ಬಂದು, ಆಮೇಲೆ ಇಲ್ಲಿಯೇ ಕವಲೊಡೆದು ಬೇರೆಲ್ಲೂ ಇಲ್ಲದ ಪ್ರಭೇದಗಳಾದವು. ಗೊಂಡ್ವಾನದಿಂದ ಒಡೆದ ಭೂಭಾಗ ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿದ ಮೇಲೆ ಅತ್ತಲಿಂದ ಇತ್ತ ದಾರಿ ತೆರೆಯಿತಷ್ಟೆ. ಭಾರತದ ಪ್ರಾಣಿಗಳಲ್ಲಿ ಎಷ್ಟು ಪಾಲು ತೇಲಿಬಂದ ಭೂಮಿಯೊಡನೆ ಬಂದದ್ದು, ಎಷ್ಟು ಪಾಲು ಆಮೇಲೆ ಒಳಗೆ ಬಂದದ್ದು ಎಂಬ ದೊಡ್ಡ ಚರ್ಚೆಯಲ್ಲಿ ಈ ಹಾವುರಾಣಿಗಳು ಎರಡನೆಯ ಪಕ್ಷಕ್ಕೆ ಸಾಕ್ಷಿ.

ಒಳಗೆ ಬಂದವು ಎಲ್ಲ ಬಗೆಯ ನೆಲಕ್ಕೂ ಹೊಂದಿಕೊಂಡವು. ಯುಟ್ರೊಪಿಸ್ ಬೆಡ್ಡೋಮಿಯೈ ಪಶ್ಚಿಮ ಘಟ್ಟದ ಕಾಡುಗಳಲ್ಲಿದೆ. ಯುಟ್ರೊಪಿಸ್ ಬಿಬ್ರೊನಿಯೈ ಆಗ್ನೇಯ ಕರಾವಳಿಯ ಮತ್ತು ಶ್ರೀಲಂಕಾದ ಮರಳುನೆಲದ್ದು. ಯುಟ್ರೊಪಿಸ್ ನಾಗಾರ್ಜುನೆನ್ಸಿಸ್ 1969ರಲ್ಲಿ ಕೃಷ್ಣಾ ತೀರದ ನಾಗಾರ್ಜುನಕೊಂಡದಿಂದ ವರ್ಣಿತವಾದದ್ದು. ಯುಟ್ರೊಪಿಸ್ ಅಲ್ಲಾಪಲ್ಲೆನ್ಸಿಸ್ ಮಹಾರಾಷ್ಟ್ರದ ಅಲ್ಲಾಪಲ್ಲಿ ಕಾಡಿನ ಹೆಸರು ಹೊತ್ತಿದೆ. ಅಂಡಮಾನ್ ಮತ್ತು ನಿಕೋಬಾರ್‌ಗಳಲ್ಲಿ ಬೇರೆಯೇ ಪ್ರಭೇದಗಳಿವೆ. ಮರವೇರುವ ದಾಸಿಯಾಗಳೂ ಇದೇ ದೊಡ್ಡ ಬಳಗದವು. ಪಶ್ಚಿಮ ಘಟ್ಟದ ದಾಸಿಯಾ ಜಾನ್ಸಿಂಘಿಯನ್ನು ವರ್ಣಿಸಿದ್ದು 2012ರಷ್ಟು ಈಚೆಗೆ.

ಭಾರತದ ಹಾವುರಾಣಿಗಳೆಲ್ಲ ಈ ಬಳಗದವೆಂದು ತಿಳಿಯಬಾರದು. ಕಾಲುಗಳು ಗಿಡ್ಡಾಗಿ ಮಣ್ಣಿನಲ್ಲಿ ನುಸುಳುವ ಲೈಗೊಸೊಮಾಗಳ ಕುಲವೂ 2019ರಲ್ಲಿ ಮಬೂಯಾದಂತೆಯೇ ಒಡೆಯಿತು: ಭಾರತದ ಬಹುಪಾಲು ಪ್ರಭೇದಗಳಿಗೆ ರಿಯೋಪ ಎಂಬ ಹಳೆಯ ಹೆಸರು ಬಂತು, ಆಫ್ರಿಕದವು ಮೊಕ್ಲಸ್ ಆದವು, ಲೈಗೊಸೊಮಾ ಆಗ್ನೇಯ ಏಷ್ಯಾಕ್ಕೆ ಸೀಮಿತವಾಯಿತು. ಇವೆರಡಕ್ಕೂ ಸೇರದ ರಿಸ್ಟೆಲ್ಲಾ ಎಂಬ ಕುಲ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಬೆರಳ ತುದಿಯ ಉಗುರನ್ನು ದೊಡ್ಡ ಹುರುಪೆಯೊಂದರ ಒರೆಯೊಳಗೆ ಎಳೆದುಕೊಳ್ಳಬಲ್ಲ, ಮುಂಗಾಲಿನಲ್ಲಿ ನಾಲ್ಕೇ ಬೆರಳಿರುವ ಈ ಚಿಕ್ಕ ಪ್ರಾಣಿಯ ಅತಿ ಹತ್ತಿರದ ನೆಂಟ ಶ್ರೀಲಂಕಾದ ಲಂಕಾಸಿಂಕಸ್.

ಯುಟ್ರೊಪಿಸ್‌ನಲ್ಲಿ ಇನ್ನೂ ಬಿಡಿಸಬೇಕಾದ ಗಂಟು ಚಿಕ್ಕ, ಕಂಚುಬಣ್ಣದ ಮ್ಯಾಕ್ಯುಲೇರಿಯಾದ್ದು. ಈಗಿನ ಪಟ್ಟಿಗಳ ಪ್ರಕಾರ ಅದು ಪಾಕಿಸ್ತಾನದಿಂದ ವಿಯೆಟ್ನಾಂವರೆಗೆ ಇರುವ ಒಂದೇ ಪ್ರಭೇದ. ಅಷ್ಟು ವಿಸ್ತಾರದಲ್ಲಿ, ಅಷ್ಟು ಬಗೆಯ ಹವೆಯಲ್ಲಿ ಇರುವುದು ಒಂದೇ ಪ್ರಭೇದವೆಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ನಂಬುವುದಿಲ್ಲ. ಎಡ್ವರ್ಡ್ ಬ್ಲೈತ್ 1853ರಲ್ಲಿ ಅದನ್ನು ವರ್ಣಿಸಿದ್ದು ಈಗ ಬಾಂಗ್ಲಾದೇಶದಲ್ಲಿರುವ ರಂಗಪುರದ ಮಾದರಿಯಿಂದ. ಆದ್ದರಿಂದ ಮುಂದೆ ಅದು ಹಲವು ಪ್ರಭೇದಗಳಾಗಿ ಒಡೆದರೆ ಮ್ಯಾಕ್ಯುಲೇರಿಯಾ ಎಂಬ ಹೆಸರು ರಂಗಪುರದ ಕಡೆಯ ಕವಲಿಗೆ ಉಳಿಯುತ್ತದೆ. ನಮ್ಮ ತೋಟದ್ದು ಬೇರೆಯೆಂದು ಆಗ ತಿಳಿದುಬಂದರೆ ಅದಕ್ಕೆ ಹಳೆಯ ಕಡತದಿಂದ ಒಂದು ಹೆಸರನ್ನು ಹುಡುಕಬೇಕು, ಸಿಗದಿದ್ದರೆ ಹೊಸದನ್ನು ಇಡಬೇಕು.